ಅಳಿಯುವುದು ಪೆಟ್ಟಿಗೆ, ಉಳಿಯುವುದು ಕಡತ

2007ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ, ಬಿಬಿಸಿ ತನ್ನ ಐಪ್ಲೇಯರ್ ಸೇವೆಯನ್ನು ಬ್ರಿಟನ್ನಿನ ಜನರಿಗೆ ತೆರೆದಿಟ್ಟಿತು. ಟಿ.ವಿ.ಯಲ್ಲಿ ಬಂದು ಹೋದ ಕಾರ್ಯಕ್ರಮವನ್ನು ಬಿಡುವಾದಾಗ ಮತ್ತೆ ನೋಡಬಹುದು ಎಂಬುದೇ ಅದರ ಆಕರ್ಷಣೆ. ಬ್ರೌಸರಿನಲ್ಲಿ ನೋಡಲು ಹೆಚ್ಚಿನವರಿಗೆ ಅಡ್ಡಿಯಿರಲಿಲ್ಲ. ಆದರೆ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯ ಆಗ ವಿಂಡೋಸ್ ಇದ್ದವರಿಗೆ ಮಾತ್ರ ಇತ್ತು. ಟಿ.ವಿ. ಲೈಸೆನ್ಸ್ ಶುಲ್ಕವನ್ನು ನಾವೂ ಕಟ್ಟುತ್ತೇವಲ್ಲ ಎಂದು ಮ್ಯಾಕ್ ಮತ್ತು ಲಿನಕ್ಸ್ ಬಳಕೆದಾರರು ಗೊಣಗಿದರು. 2008ರ ಮಾರ್ಚ್‌ನಲ್ಲಿ ಐಫೋನಿಗೆಂದೇ ಬೇರೊಂದು ರೂಪ ಬಂತು. ಐಫೋನಿಗೆ ಹೋಗುತ್ತಿದ್ದ ವಿಡಿಯೊಗೆ ಡಿಜಿಟಲ್ ಬೀಗ ಇರಲಿಲ್ಲ. ಬೇರೆ ಯಂತ್ರವೂ ತಾನು ಐಫೋನ್ ಎಂದು ಹೇಳಿಕೊಂಡರೆ ಅದೇ ಫೈಲ್ ಅದಕ್ಕೂ ಸಿಗುತ್ತಿತ್ತು. ಈ ಸಂದಿಯಲ್ಲಿ ಹುಟ್ಟಿದ್ದು ‘ಗೆಟ್ ಐಪ್ಲೇಯರ್’. ಫಿಲ್ ಲೂಯಿಸ್ ಎಂಬವರು ಪರ್ಲ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ ಅದು.

2010ರಲ್ಲಿ ಲೂಯಿಸ್ ಅದರಿಂದ ಹಿಂದೆ ಸರಿದರು. ಮೂಲ ಕೋಡ್ ಮುಕ್ತ ಪರವಾನಗಿಯಡಿ ಇದ್ದುದರಿಂದ ಬೇರೆಯವರು ಕೈಗೆತ್ತಿಕೊಂಡರು, ಸ್ಕ್ರಿಪ್ಟ್ ಉಳಿಯಿತು. ಇವತ್ತು ಅದನ್ನು ಬಹಳ ಮಂದಿ ನೇರವಾಗಿ ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಳ್ಳುವ ಬದಲು ‘ಕಂಟೇನರ್’ ಎಂಬ ಪೆಟ್ಟಿಗೆಯೊಳಗೆ ಇಟ್ಟು ಓಡಿಸುತ್ತಾರೆ. ಮನೆಯಲ್ಲಿ ಸದಾ ಚಾಲೂ ಇರುವ ಒಂದು ಪುಟ್ಟ ಸರ್ವರ್ ರಾತ್ರಿ ಹೊತ್ತು ತಾನಾಗಿ ಹುಡುಕುತ್ತದೆ, ಇಳಿಸುತ್ತದೆ, ಹೆಸರಿಟ್ಟು ಜೋಡಿಸುತ್ತದೆ.

ಯಾರೋ ಸಿದ್ಧಪಡಿಸಿದ ಕಂಟೇನರನ್ನು ತಂದು ಓಡಿಸುವುದು ಎರಡು ಸಾಲಿನ ಕೆಲಸ. ಅದನ್ನು ನಮ್ಮ ಮನೆಯ ಅಗತ್ಯಕ್ಕೆ ಒಗ್ಗಿಸಿಕೊಳ್ಳುವುದು ಹಾಗಲ್ಲ. ಫೈಲುಗಳು ಬೇಕಾದ ಫೋಲ್ಡರಿಗೆ ಬೀಳಬೇಕು, ಹೆಸರು ಒಪ್ಪವಾಗಿರಬೇಕು, ಕೆಲಸ ಸರಿಯಾದ ಹೊತ್ತಿಗೆ ಶುರುವಾಗಬೇಕು, ಒಮ್ಮೆ ಇಳಿಸಿದ್ದನ್ನು ಮತ್ತೆ ಇಳಿಸಬಾರದು. ಇವೆಲ್ಲ ಬೇರೆ ಬೇರೆ ತೊಂದರೆಗಳಂತೆ ಕಂಡರೂ ಅಡಿಯಲ್ಲಿರುವ ಪ್ರಶ್ನೆ ಒಂದೇ: ನಾವು ಮಾಡಿದ ಬದಲಾವಣೆ ಎಲ್ಲಿ ಕುಳಿತಿದೆ, ಎಷ್ಟು ಕಾಲ ಅಲ್ಲಿರುತ್ತದೆ?

ಮೊದಲೇ ಹೇಳಬೇಕಾದ ಒಂದು ಮಾತಿದೆ. ಐಪ್ಲೇಯರಿನ ಟಿ.ವಿ. ಕಾರ್ಯಕ್ರಮಗಳು ಬ್ರಿಟನ್ನಿನಲ್ಲಿ ಇರುವವರಿಗೆ ಮೀಸಲು. 2016ರ ಸೆಪ್ಟೆಂಬರ್ 1ರಿಂದ ಅಲ್ಲಿನ ಹಳೆಯ ಕಾರ್ಯಕ್ರಮ ನೋಡುವುದಕ್ಕೂ ಟಿ.ವಿ. ಲೈಸೆನ್ಸ್ ಕಡ್ಡಾಯ. ಕಂಟೇನರಿಗೆ ತನ್ನದೇ ಖಾಸಗಿ ನೆಟ್‌ವರ್ಕ್ ವಿಳಾಸ ಇರುತ್ತದೆಯಾದರೂ ಹೊರಗೆ ಹೋಗುವಾಗ ಅದು ಮನೆಯ ಸಂಪರ್ಕದ ವಿಳಾಸವನ್ನೇ ಹೊತ್ತು ಹೋಗುತ್ತದೆ. ಹಾಗಾಗಿ ಲಂಡನ್ನಿನ ಕನ್ನಡಿಗರ ಮನೆಯಲ್ಲಿ ನಡೆಯುವ ಕಂಟೇನರನ್ನೇ ಬೆಂಗಳೂರಿನ ಮನೆಯಲ್ಲಿ ಓಡಿಸಿದರೆ ಅದು ಟಿ.ವಿ. ಕಾರ್ಯಕ್ರಮ ತಂದುಕೊಡುವುದಿಲ್ಲ. ಸ್ಕ್ರಿಪ್ಟ್ ಒಂದು ಸಾಧನ ಅಷ್ಟೆ. ಅದನ್ನು ಬಳಸುವ ಹಕ್ಕು ಬೇರೆಡೆಯಿಂದ ಬರಬೇಕು.

ತುಣುಕುಗಳಿಂದ ಫೈಲ್

ಒಗ್ಗಿಸುವ ಮಾತಿಗೆ ಮುಂಚೆ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಕಳೆದ 30 ದಿನಗಳ ಕಾರ್ಯಕ್ರಮಗಳ ಪಟ್ಟಿಯೊಂದನ್ನು ಸ್ಕ್ರಿಪ್ಟ್ ಮೊದಲು ಸಿದ್ಧಪಡಿಸಿ ಸಾದಾ ಪಠ್ಯದ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ನಾವು ಹುಡುಕುವುದು ಈ ಪಟ್ಟಿಯಲ್ಲಿ. ಪ್ರತಿ ಕಂತಿಗೂ ಬಿಬಿಸಿ ಕೊಟ್ಟ ಎಂಟು ಅಕ್ಷರ-ಅಂಕಿಗಳ ಗುರುತೊಂದು ಇರುತ್ತದೆ. ಆ ಗುರುತನ್ನು ಹಿಡಿದು ಸರ್ವರನ್ನು ಕೇಳಿದರೆ, ಕಾರ್ಯಕ್ರಮ ಯಾವ ಯಾವ ಗುಣಮಟ್ಟದಲ್ಲಿ ಎಲ್ಲೆಲ್ಲಿದೆ ಎಂಬ ವಿವರ ಸಿಗುತ್ತದೆ.

ಕಾರ್ಯಕ್ರಮ ಒಂದೇ ದೊಡ್ಡ ಫೈಲಾಗಿ ಅಲ್ಲಿ ಕುಳಿತಿರುವುದಿಲ್ಲ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್, 2012ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಡ್ಯಾಶ್, ಈ ಎರಡೂ ವಿಧಾನಗಳಲ್ಲಿ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿಡುತ್ತಾರೆ. ನೋಡುವವರ ಇಂಟರ್‌ನೆಟ್ ವೇಗ ಕುಸಿದರೆ ಮುಂದಿನ ತುಣುಕನ್ನು ಕಡಿಮೆ ಗುಣಮಟ್ಟದಲ್ಲಿ ಕೊಟ್ಟು ಆಟ ನಿಲ್ಲದಂತೆ ನೋಡಿಕೊಳ್ಳಬಹುದು ಎಂಬುದು ಇದರ ಉದ್ದೇಶ. ಬಿಬಿಸಿ ಇಂಜಿನಿಯರುಗಳು ಬಳಸಿದ ತುಣುಕಿನ ಉದ್ದ 3.84 ಸೆಕೆಂಡ್. ಈ ವಿಚಿತ್ರ ಸಂಖ್ಯೆಯ ಹಿಂದೆ ಲೆಕ್ಕವಿದೆ. ಸೆಕೆಂಡಿಗೆ 25 ಚಿತ್ರಗಳಂತೆ 3.84 ಸೆಕೆಂಡಿಗೆ ಸರಿಯಾಗಿ 96 ಚಿತ್ರ. ಆಡಿಯೊದಲ್ಲಿ ಸೆಕೆಂಡಿಗೆ 48,000 ಮಾದರಿಗಳಿದ್ದು, ಎಎಸಿ ವಿಧಾನ ಅವನ್ನು 1,024ರ ಕಂತೆಗಳಾಗಿ ಕಟ್ಟುತ್ತದೆ. ಅಷ್ಟೇ ಹೊತ್ತಿಗೆ ಸರಿಯಾಗಿ 180 ಕಂತೆ. ಚಿತ್ರವೂ ಧ್ವನಿಯೂ ಒಂದೇ ಗೆರೆಯ ಮೇಲೆ, ಎರಡನ್ನೂ ಅರ್ಧಕ್ಕೆ ಸೀಳದೆ ಕತ್ತರಿಸಲು ಬರುವ ಉದ್ದ ಅದು.

ಈ ಅಳತೆಯಲ್ಲಿ ಒಂದು ಗಂಟೆಯ ಕಾರ್ಯಕ್ರಮವೆಂದರೆ ವಿಡಿಯೊದ 938 ತುಣುಕು, ಆಡಿಯೊದ 938 ತುಣುಕು. ಸ್ಕ್ರಿಪ್ಟ್ ಅವನ್ನು ಸಾಲಾಗಿ ತರಿಸಿಕೊಂಡು ‘ಎಫ್‌ಎಫ್‌ಎಂಪೆಗ್’ ಎಂಬ ಇನ್ನೊಂದು ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಅದು ಎರಡನ್ನೂ ಒಂದೇ ಎಂಪಿ4 ಫೈಲಿಗೆ ಹೆಣೆಯುತ್ತದೆ. ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡುವ ಪ್ರಶ್ನೆಯೇ ಇಲ್ಲವಾದ್ದರಿಂದ ಸಣ್ಣ ಪ್ರಾಸೆಸರಿಗೂ ಇದು ಭಾರವಲ್ಲ. ಕೊನೆಗೆ ‘ಅಟಾಮಿಕ್ ಪಾರ್ಸ್‌ಲಿ’ ಎಂಬ ಸಾಧನ ಶೀರ್ಷಿಕೆ, ಸಾರಾಂಶ, ಚಿತ್ರಗಳನ್ನು ಫೈಲಿನೊಳಗೆ ಬರೆಯುತ್ತದೆ. ಭಾರ ಬೀಳುವುದು ಡಿಸ್ಕಿನ ಮೇಲೆ. ಸೆಕೆಂಡಿಗೆ 5 ಮೆಗಾಬಿಟ್ ಹರಿವು ಎಂದುಕೊಂಡರೂ ಒಂದು ಗಂಟೆಗೆ 2.25 ಗಿಗಾಬೈಟ್ ಆಗುತ್ತದೆ.

ಇಷ್ಟನ್ನು ಗಮನಿಸಿದರೆ ಕಂಟೇನರ್ ಯಾಕೆ ಬೇಕಾಯಿತು ಎಂಬುದು ತಿಳಿಯುತ್ತದೆ. ಪರ್ಲ್, ಅದರ ಹಲವು ಮಾಡ್ಯೂಲುಗಳು, ಎಫ್‌ಎಫ್‌ಎಂಪೆಗ್, ಅಟಾಮಿಕ್ ಪಾರ್ಸ್‌ಲಿ, ಇವೆಲ್ಲ ಒಂದಕ್ಕೊಂದು ಹೊಂದುವ ಆವೃತ್ತಿಯಲ್ಲಿ ಇರಬೇಕು. ಫ್ಲ್ಯಾಶ್ ಕಾಲದಲ್ಲಿ ‘ಆರ್‌ಟಿಎಂಪಿ ಡಂಪ್’ ಎಂಬುದೂ ಬೇಕಿತ್ತು. ಪ್ರಸಾರದ ವಿಧಾನ ಬದಲಾದ ಮೇಲೆ ಅದು ಬಿದ್ದುಹೋಯಿತು. ಈ ಪರಿವಾರವನ್ನೆಲ್ಲ ಪ್ರತಿ ಕಂಪ್ಯೂಟರಿನಲ್ಲೂ ಕೈಯಾರೆ ಕಟ್ಟುವುದಕ್ಕಿಂತ ಒಮ್ಮೆ ಕಟ್ಟಿ ಎಲ್ಲಿಗೆ ಬೇಕಾದರೂ ಒಯ್ಯುವುದು ಸಲೀಸು.

ಗೋಡೆಗಳಿರುವ ಪ್ರಾಸೆಸ್

ಕಂಟೇನರ್ ಎಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಎಂದು ಹಲವರು ತಿಳಿದಿದ್ದಾರೆ. ಲಿನಕ್ಸ್‌ನಲ್ಲಿ ಅದು ಒಂದು ಸಾಮಾನ್ಯ ಪ್ರಾಸೆಸ್. ಅದರ ಸುತ್ತ ಕರ್ನಲ್ ಕಟ್ಟಿದ ಗೋಡೆಗಳಿವೆ, ಅಷ್ಟೆ. ಒಂದು ಪ್ರಾಸೆಸಿಗೆ ಕಾಣುವ ಫೈಲ್ ವ್ಯವಸ್ಥೆಯ ಬೇರನ್ನೇ ಬದಲಿಸುವ ‘ಸಿಎಚ್-ರೂಟ್’ 1979ರ ಯುನಿಕ್ಸ್‌ನಷ್ಟು ಹಳೆಯದು. 2002ರಿಂದ ಲಿನಕ್ಸ್‌ಗೆ ‘ನೇಮ್‌ಸ್ಪೇಸ್’ಗಳು ಒಂದೊಂದಾಗಿ ಬಂದವು. ಪ್ರಾಸೆಸಿಗೆ ಯಾವ ಡಿಸ್ಕ್, ಯಾವ ನೆಟ್‌ವರ್ಕ್, ಯಾವ ಇತರ ಪ್ರಾಸೆಸುಗಳು ಕಾಣಬೇಕು ಎಂಬುದನ್ನು ಇವು ನಿರ್ಧರಿಸುತ್ತವೆ. ಎಷ್ಟು ಮೆಮೊರಿ, ಎಷ್ಟು ಪ್ರಾಸೆಸರ್ ಬಳಸಬಹುದು ಎಂದು ಮಿತಿ ಹಾಕುವ ‘ಸಿ-ಗ್ರೂಪ್’ ಗೂಗಲ್ ಇಂಜಿನಿಯರುಗಳ ಕೆಲಸದಿಂದ ಹೊರಟು 2008ರ ಜನವರಿಯಲ್ಲಿ ಕರ್ನಲ್ ಸೇರಿತು. 2013ರ ಮಾರ್ಚ್‌ನಲ್ಲಿ ಸಾಲೊಮನ್ ಹೈಕ್ಸ್ ಅಮೆರಿಕದ ಸ್ಯಾಂಟಾ ಕ್ಲಾರಾದ ಪೈಕಾನ್ ಸಮ್ಮೇಳನದಲ್ಲಿ ತೋರಿಸಿದ ಡಾಕರ್ ಈ ಬಿಡಿ ಭಾಗಗಳನ್ನು ಸಾಮಾನ್ಯರ ಕೈಗೆ ಎಟುಕುವಂತೆ ಜೋಡಿಸಿತು.

ಡಾಕರಿನ ನಿಜವಾದ ಕೊಡುಗೆ ‘ಇಮೇಜ್’. ಇದು ಪದರಗಳ ಕಟ್ಟು. ಅಡಿಯಲ್ಲಿ ಆಲ್ಪೈನ್‌ನಂಥ ಪುಟ್ಟ ಲಿನಕ್ಸ್. ಅದು ಹತ್ತು ಮೆಗಾಬೈಟನ್ನೂ ಮುಟ್ಟುವುದಿಲ್ಲ. ಅದರ ಮೇಲೆ ಪರ್ಲ್, ಅದರ ಮೇಲೆ ಎಫ್‌ಎಫ್‌ಎಂಪೆಗ್, ಎಲ್ಲಕ್ಕೂ ಮೇಲೆ ನಮ್ಮ ಸ್ಕ್ರಿಪ್ಟ್. ಒಮ್ಮೆ ಕಟ್ಟಿದ ಪದರ ಬದಲಾಗುವುದಿಲ್ಲ. ಕಂಟೇನರ್ ಶುರುವಾದಾಗ ಇವುಗಳ ಮೇಲೆ ಬರೆಯಲು ಬರುವ ತೆಳುವಾದ ಒಂದು ಪದರ ಸೇರುತ್ತದೆ. ಒಳಗಿನ ಫೈಲನ್ನು ತಿದ್ದಿದರೆ ಅದರ ಪ್ರತಿ ಈ ಮೇಲಿನ ಪದರಕ್ಕೆ ಬಂದು ಅಲ್ಲಿ ಬದಲಾಗುತ್ತದೆ. ಅಡಿಯಲ್ಲಿರುವ ಮೂಲ ಹಾಗೆಯೇ ಇರುತ್ತದೆ. ಇದನ್ನು ಸಾಧ್ಯವಾಗಿಸುವ ಓವರ್‌ಲೇ ಫೈಲ್ ವ್ಯವಸ್ಥೆ 2014ರ ಡಿಸೆಂಬರಿನಲ್ಲಿ ಲಿನಕ್ಸ್ 3.18ರ ಜೊತೆ ಕರ್ನಲ್‌ನ ಭಾಗವಾಯಿತು.

ಹೊಸಬರು ಎಡವುವುದು ಈ ತೆಳು ಪದರದಲ್ಲೇ. ಕಂಟೇನರಿನೊಳಗೆ ಒಂದು ಶೆಲ್ ತೆರೆದು, ಸ್ಕ್ರಿಪ್ಟಿನ ಎರಡು ಸಾಲು ತಿದ್ದಿ, ಹೊರಬಂದು ನೋಡಿದರೆ ಎಲ್ಲವೂ ಬೇಕಾದ ಹಾಗೆ ನಡೆಯುತ್ತದೆ. ಕಂಟೇನರನ್ನು ನಿಲ್ಲಿಸಿ ಮತ್ತೆ ಶುರುಮಾಡಿದರೂ ತಿದ್ದುಪಡಿ ಉಳಿದಿರುತ್ತದೆ. ಮೋಸ ಇರುವುದೇ ಇಲ್ಲಿ. ಕೆಲವು ವಾರಗಳ ನಂತರ ಇಮೇಜಿನ ಹೊಸ ಆವೃತ್ತಿ ಬಂತೆಂದು ಹಳೆಯ ಕಂಟೇನರನ್ನು ತೆಗೆದು ಹೊಸದನ್ನು ಹೂಡಿದಾಗ ಆ ಪದರವೂ ಹಳೆಯದರ ಜೊತೆ ಹೋಗುತ್ತದೆ. ಬಾಡಿಗೆ ಮನೆಯ ಗೋಡೆಗೆ ಹೊಡೆದ ಮೊಳೆಯಂತೆ, ಮನೆ ಬಿಡುವಾಗ ಅದು ನಮ್ಮ ಜೊತೆ ಬರುವುದಿಲ್ಲ.

ಮೂರು ಜಾಗ

ಕಂಟೇನರನ್ನು ಒಗ್ಗಿಸಿಕೊಳ್ಳಲು ಮೂರು ಜಾಗಗಳಿವೆ. ಮೊದಲನೆಯದು ಇಮೇಜ್ ಕಟ್ಟುವ ಹೊತ್ತು: ಯಾವ ತಂತ್ರಾಂಶ ಒಳಗಿರಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಎರಡನೆಯದು ಕಂಟೇನರ್ ಶುರುವಾಗುವ ಹೊತ್ತು: ಯಾವ ಆಯ್ಕೆ, ಯಾವ ಸಮಯ ವಲಯ, ಯಾರ ಹೆಸರಿನಲ್ಲಿ ಓಡಬೇಕು ಎಂಬುದನ್ನು ಅಲ್ಲಿ ಹೇಳುತ್ತೇವೆ. ಮೂರನೆಯದು ಕಂಟೇನರಿನ ಹೊರಗೆ, ವಾಲ್ಯೂಮ್ ಎಂದು ಕರೆಯುವ ಜಾಗ: ಆತಿಥೇಯ ಕಂಪ್ಯೂಟರಿನ ಒಂದು ಫೋಲ್ಡರನ್ನು ಕಂಟೇನರಿನೊಳಗೆ ಕಾಣುವಂತೆ ಮಾಡುವ ವ್ಯವಸ್ಥೆ. ಇಮೇಜ್ ಮತ್ತೆ ಕಟ್ಟುವವರೆಗೆ ಬದಲಾಗದು, ಕಂಟೇನರ್ ತೆಗೆಯುವವರೆಗೆ ಬಾಳುತ್ತದೆ, ವಾಲ್ಯೂಮ್ ಎರಡನ್ನೂ ಮೀರಿ ಉಳಿಯುತ್ತದೆ. ಯಾವ ಬದಲಾವಣೆ ಎಷ್ಟು ಕಾಲ ಇರಬೇಕೋ ಅದಕ್ಕೆ ತಕ್ಕ ಜಾಗದಲ್ಲಿ ಇಡುವುದೇ ಈ ವಿದ್ಯೆಯ ಸಾರ.

ಗೆಟ್ ಐಪ್ಲೇಯರ್ ತನ್ನ ನೆನಪನ್ನೆಲ್ಲ ಒಂದೇ ಪ್ರೊಫೈಲ್ ಫೋಲ್ಡರಿನಲ್ಲಿ ಇಡುತ್ತದೆ. ನಾವು ಉಳಿಸಿದ ಆಯ್ಕೆಗಳ ಫೈಲ್, ಕಾರ್ಯಕ್ರಮಗಳ ಪಟ್ಟಿಯ ಫೈಲ್, ‘ಇಂಥ ಹೆಸರಿನ ಸರಣಿ ಬಂದರೆ ಇಳಿಸು’ ಎಂದು ಬರೆದಿಟ್ಟ ಹುಡುಕಾಟಗಳು, ಇಳಿಸಿದವುಗಳ ಇತಿಹಾಸ, ಎಲ್ಲವೂ ಅಲ್ಲೇ. ಇತಿಹಾಸದ ಫೈಲ್ ತೀರ ಸರಳ: ಒಂದು ಕಾರ್ಯಕ್ರಮಕ್ಕೆ ಒಂದು ಸಾಲು, ನಡುವೆ ಉದ್ದಗೆರೆಗಳು. ಅದು ಕಳೆದರೆ ಸ್ಕ್ರಿಪ್ಟಿಗೆ ಏನನ್ನು ಇಳಿಸಿದ್ದೆ ಎಂದೇ ಗೊತ್ತಿರುವುದಿಲ್ಲ. ಕಳೆದ 30 ದಿನಗಳದ್ದನ್ನೆಲ್ಲ ಮತ್ತೆ ತರಲು ಹೊರಡುತ್ತದೆ. ಹಾಗಾಗಿ ಪ್ರೊಫೈಲ್ ಫೋಲ್ಡರಿಗೆ ಒಂದು ವಾಲ್ಯೂಮ್, ಇಳಿದ ಫೈಲುಗಳಿಗೆ ಇನ್ನೊಂದು ವಾಲ್ಯೂಮ್, ಇಷ್ಟು ಇದ್ದರೆ ಅರ್ಧ ಕೆಲಸ ಮುಗಿಯಿತು.

ಆಯ್ಕೆಗಳ ಫೈಲ್ ಇರುವಾಗ ಸ್ಕ್ರಿಪ್ಟಿಗೆ ಕೈಹಾಕುವ ಅಗತ್ಯ ಅಪರೂಪ. ವಿಡಿಯೊ ಯಾವ ಗುಣಮಟ್ಟದ್ದಿರಲಿ, ಉಪಶೀರ್ಷಿಕೆ ಬೇಕೇ, ಪ್ರತಿ ಸರಣಿಗೂ ಬೇರೆ ಫೋಲ್ಡರ್ ಬೇಕೇ, ಫೈಲಿನ ಹೆಸರಿನಲ್ಲಿ ಸರಣಿಯ ಹೆಸರು, ಕಂತಿನ ಸಂಖ್ಯೆ, ಶೀರ್ಷಿಕೆ ಯಾವ ಕ್ರಮದಲ್ಲಿ ಬರಲಿ ಎಂಬುದನ್ನೆಲ್ಲ ಅಲ್ಲಿ ಒಂದೊಂದು ಸಾಲಿನಲ್ಲಿ ಬರೆಯಬಹುದು. ಪ್ರತಿ ಕಾರ್ಯಕ್ರಮ ಇಳಿದ ಮೇಲೆ ನಮ್ಮದೇ ಆಜ್ಞೆಯೊಂದನ್ನು ಓಡಿಸುವ ಆಯ್ಕೆಯೂ ಇದೆ. ಸ್ಕ್ರಿಪ್ಟ್ ಬರೆದವರು ಬಿಟ್ಟಿರುವ ಈ ಬಾಗಿಲುಗಳನ್ನು ಬಳಸದೆ ಗೋಡೆ ಒಡೆಯಲು ಹೋಗುವವರೇ ಹೆಚ್ಚು.

ಸಂಖ್ಯೆಯೇ ಒಡೆಯ

ವಾಲ್ಯೂಮ್ ಜೋಡಿಸಿದ ಬೆನ್ನಿಗೆ ಬರುವ ದೂರು: ಫೈಲ್ ಬಂದಿದೆ, ಅಳಿಸಲು ಆಗುತ್ತಿಲ್ಲ. ಕಾರಣ ಸರಳ. ಲಿನಕ್ಸ್ ಕರ್ನಲ್‌ಗೆ ಬಳಕೆದಾರರ ಹೆಸರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ. ಹೆಸರು-ಸಂಖ್ಯೆಗಳ ಹೊಂದಾಣಿಕೆ ಒಂದು ಪಠ್ಯದ ಫೈಲಿನಲ್ಲಿರುತ್ತದೆ. ಆ ಫೈಲ್ ಕಂಟೇನರಿನೊಳಗೆ ಒಂದು, ಹೊರಗೆ ಇನ್ನೊಂದು. ಬೇರೇನೂ ಹೇಳದಿದ್ದರೆ ಕಂಟೇನರ್ ಸೊನ್ನೆ ಸಂಖ್ಯೆಯ ರೂಟ್ ಆಗಿ ಓಡುತ್ತದೆ, ಅದು ಮಾಡಿದ ಫೋಲ್ಡರ್, ಫೈಲುಗಳ ಒಡೆತನವೂ ಸೊನ್ನೆಗೇ ಸೇರುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಮನೆಯ ಮೊದಲ ಬಳಕೆದಾರರ ಸಂಖ್ಯೆ ಸಾಮಾನ್ಯವಾಗಿ 1000. ಸೊನ್ನೆಯ ಫೋಲ್ಡರಿನೊಳಗಿನದನ್ನು ಸಾವಿರ ಅಳಿಸುವಂತಿಲ್ಲ.

ಇದಕ್ಕೆ ಎರಡು ದಾರಿ. ಕಂಟೇನರ್ ಶುರುಮಾಡುವಾಗಲೇ ಇಂಥ ಸಂಖ್ಯೆಯವರಾಗಿ ಓಡು ಎಂದು ಹೇಳುವುದು ಒಂದು. ಬಳಕೆದಾರ, ಗುಂಪು ಎರಡರ ಸಂಖ್ಯೆಯನ್ನೂ ಪರಿಸರ ಚರಗಳಾಗಿ (ಎನ್ವಿರಾನ್ಮೆಂಟ್ ವೇರಿಯೇಬಲ್) ಕೊಟ್ಟು, ಒಳಗಿನ ಆರಂಭದ ಸ್ಕ್ರಿಪ್ಟ್ ಅದಕ್ಕೆ ತಕ್ಕ ಬಳಕೆದಾರರನ್ನು ಸೃಷ್ಟಿಸಿ ಕೆಲಸ ಒಪ್ಪಿಸುವಂತೆ ಮಾಡುವುದು ಇನ್ನೊಂದು. ಯಾವುದನ್ನು ಆರಿಸಿದರೂ ನಿಜವಾದ ಸಂಖ್ಯೆಯನ್ನು ಇಮೇಜಿನೊಳಗೆ ಹೂಳಬಾರದು. ಅದು ಆಯಾ ಮನೆಯ ವಿಚಾರ. ಇಮೇಜ್ ಎಲ್ಲ ಮನೆಗಳಿಗೂ ಒಂದೇ.

ಹೆಸರುಗಳ ಬಗ್ಗೆ ಕನ್ನಡಿಗರಿಗೆಂದೇ ಒಂದು ಟಿಪ್ಪಣಿ. ಫೋಲ್ಡರುಗಳಿಗೆ ಕನ್ನಡದಲ್ಲಿ ಹೆಸರಿಡುವುದಕ್ಕೆ ಲಿನಕ್ಸ್‌ನಲ್ಲಿ ತಡೆಯಿಲ್ಲ. ಆದರೆ ಬಹುಪಾಲು ಫೈಲ್ ವ್ಯವಸ್ಥೆಗಳಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಯುಟಿಎಫ್-8ರಲ್ಲಿ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಗುಣಿತದ ಚಿಹ್ನೆಯೂ ಒಂದು ಸಂಕೇತ, ಒತ್ತಕ್ಷರ ಮೂಡಿಸುವ ವಿರಾಮವೂ ಒಂದು ಸಂಕೇತ. ‘ದೂರದರ್ಶನ’ ಎಂಬ ಐದಕ್ಷರದ ಹೆಸರಿನಲ್ಲಿ ಎಂಟು ಸಂಕೇತ, 24 ಬೈಟ್. ಮಿತಿ 85 ಸಂಕೇತಗಳಿಗೇ ಮುಗಿಯುತ್ತದೆ. ಡೆಬಿಯನ್ ಆಧಾರದ ಪುಟ್ಟ ಇಮೇಜುಗಳಲ್ಲಿ ಭಾಷಾ ಪರಿಸರ ಹೇಳದೆ ಬಿಟ್ಟರೆ ಕನ್ನಡದ ಹೆಸರು ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣಬಹುದು. ಯುಟಿಎಫ್-8 ಎಂದು ಒಂದು ಪರಿಸರ ಚರದಲ್ಲಿ ಹೇಳಿದರೆ ಸರಿಹೋಗುತ್ತದೆ.

ಗಡಿಯಾರ, ಸಂಕೇತ, ಸ್ಥಳಾಂತರ

ಪ್ರತಿ ರಾತ್ರಿ ಸ್ಕ್ರಿಪ್ಟನ್ನು ಎಬ್ಬಿಸುವ ಕೆಲಸ ‘ಕ್ರಾನ್’ ಎಂಬ ಹಳೆಯ ಯುನಿಕ್ಸ್ ಸಾಧನದ್ದು. ಕಂಟೇನರಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ. ಚಳಿಗಾಲದಲ್ಲಿ ಲಂಡನ್ ಸಮಯವೂ ಅದೇ ಆದ್ದರಿಂದ ತಪ್ಪು ಕಾಣಿಸುವುದಿಲ್ಲ. ಮಾರ್ಚ್‌ನ ಕೊನೆಯ ಭಾನುವಾರ ಬ್ರಿಟನ್ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಾಗ ಎರಡು ಗಂಟೆಗೆ ಆಗಬೇಕಾದ ಕೆಲಸ ಮೂರಕ್ಕೆ ಆಗತೊಡಗುತ್ತದೆ. ಸಮಯ ವಲಯದ ಹೆಸರನ್ನು ಪರಿಸರ ಚರದಲ್ಲಿ ಕೊಟ್ಟರೆ ಸಾಕು ಎನ್ನುತ್ತಾರೆ. ಆದರೆ ಆಲ್ಪೈನ್‌ನಲ್ಲಿ ವಲಯಗಳ ಮಾಹಿತಿಯ ಪೊಟ್ಟಣವನ್ನು ಇಮೇಜಿಗೆ ಸೇರಿಸಿರದಿದ್ದರೆ ‘ಯುರೋಪ್/ಲಂಡನ್’ ಎಂದು ಬರೆದದ್ದಕ್ಕೆ ಅರ್ಥವೇ ಇರುವುದಿಲ್ಲ. ಗಡಿಯಾರ ದೂರು ಹೇಳದೆ ಯುಟಿಸಿಯಲ್ಲೇ ಮುಂದುವರಿಯುತ್ತದೆ. ಒಂದೇ ಬದಲಾವಣೆಗೆ ಎರಡು ಜಾಗ ಬೇಕಾಗುವ ಉದಾಹರಣೆಯಿದು: ಮಾಹಿತಿ ಇಮೇಜಿನಲ್ಲಿ, ಆಯ್ಕೆ ಶುರುಮಾಡುವ ಹೊತ್ತಿನಲ್ಲಿ. ಬ್ರಿಟನ್ನಿನ ಗಡಿಯಾರದಲ್ಲಿ ಮಾರ್ಚ್‌ನ ಆ ಭಾನುವಾರ ನಸುಕಿನ ಒಂದೂವರೆ ಎಂಬ ಹೊತ್ತೇ ಇರುವುದಿಲ್ಲ, ಅಕ್ಟೋಬರಿನಲ್ಲಿ ಅದು ಎರಡು ಸಲ ಬರುತ್ತದೆ. ಆ ಗಂಟೆಯನ್ನು ಬಿಟ್ಟು ಕೆಲಸ ನಿಗದಿ ಮಾಡುವುದು ಜಾಣತನ.

ಕ್ರಾನ್‌ನದು ಇನ್ನೊಂದು ಗುಣ. ಡೆಬಿಯನ್‌ನ ಕ್ರಾನ್ ತಾನು ಎಬ್ಬಿಸುವ ಕೆಲಸಗಳಿಗೆ ತೀರ ಸಣ್ಣ ಪರಿಸರವನ್ನಷ್ಟೇ ಕೊಡುತ್ತದೆ. ಕಂಟೇನರಿಗೆ ನಾವು ಕಕ್ಕುಲತೆಯಿಂದ ಕೊಟ್ಟ ಪರಿಸರ ಚರಗಳು ಸ್ಕ್ರಿಪ್ಟಿನವರೆಗೆ ತಲುಪುವುದೇ ಇಲ್ಲ. ಕೈಯಿಂದ ಓಡಿಸಿದಾಗ ಸರಿಯಾಗಿದ್ದದ್ದು ರಾತ್ರಿ ಯಾಕೆ ಕೆಡುತ್ತದೆ ಎಂಬ ಒಗಟಿಗೆ ಬಹಳ ಸಲ ಇದೇ ಉತ್ತರ. ಆರಂಭದ ಸ್ಕ್ರಿಪ್ಟ್ ಆ ಮೌಲ್ಯಗಳನ್ನು ಗೆಟ್ ಐಪ್ಲೇಯರಿನ ಆಯ್ಕೆಗಳ ಫೈಲಿಗೆ ಬರೆದುಬಿಟ್ಟರೆ ಕ್ರಾನ್‌ನ ಹಂಗೇ ಇರುವುದಿಲ್ಲ.

ನಿಲ್ಲಿಸುವುದೂ ಒಂದು ಕಲೆ. ಕಂಟೇನರಿನ ಮೊದಲ ಪ್ರಾಸೆಸಿನ ಸಂಖ್ಯೆ 1. ಲಿನಕ್ಸ್ ಈ ಒಂದನೆಯ ಪ್ರಾಸೆಸಿಗೆ ವಿಶೇಷ ರಕ್ಷಣೆ ಕೊಟ್ಟಿದೆ: ‘ದಯವಿಟ್ಟು ಮುಗಿಸು’ ಎಂಬ ಸಂಕೇತ ಬಂದಾಗ ಏನು ಮಾಡಬೇಕೆಂದು ಅದು ತಾನೇ ಬರೆದುಕೊಂಡಿರದಿದ್ದರೆ ಆ ಸಂಕೇತ ವ್ಯರ್ಥ. ಡಾಕರ್ ಬೇರೆ ಸೂಚನೆ ಇಲ್ಲದಿದ್ದರೆ 10 ಸೆಕೆಂಡ್ ಕಾದು ಬಲವಂತವಾಗಿ ಕೊಲ್ಲುತ್ತದೆ. ಅಷ್ಟರಲ್ಲಿ ಎಫ್‌ಎಫ್‌ಎಂಪೆಗ್ ಹೆಣಿಗೆಯ ನಡುವೆ ಇದ್ದರೆ ಅರೆಬರೆ ಫೈಲ್ ಉಳಿಯುತ್ತದೆ. ಆರಂಭದ ಶೆಲ್ ಸ್ಕ್ರಿಪ್ಟ್ ತನ್ನ ಕೊನೆಯ ಸಾಲಿನಲ್ಲಿ ‘ಎಕ್ಸೆಕ್’ ಎಂದು ಬರೆದು ತನ್ನ ಜಾಗವನ್ನೇ ಮುಖ್ಯ ಪ್ರಾಸೆಸಿಗೆ ಬಿಟ್ಟುಕೊಡಬೇಕು. ಇಲ್ಲವೆ ಸಂಕೇತಗಳನ್ನು ದಾಟಿಸುವ ಚಿಕ್ಕ ‘ಇನಿಟ್’ ಒಂದನ್ನು ಸೇರಿಸು ಎಂದು ಡಾಕರಿಗೆ ಹೇಳಬೇಕು. ಪ್ರಾಸೆಸ್ ಸಂಖ್ಯೆಯನ್ನು ಬೀಗದ ಫೈಲಿನಲ್ಲಿ ಬರೆದಿಟ್ಟು ‘ಈಗಾಗಲೇ ಓಡುತ್ತಿದ್ದೇನೆ’ ಎಂದು ಪತ್ತೆ ಹಚ್ಚುವ ಸ್ಕ್ರಿಪ್ಟುಗಳಿಗೂ ಇಲ್ಲಿ ಕುತ್ತು ಕಾದಿದೆ. ಕಂಟೇನರಿನಲ್ಲಿ ಪ್ರತಿ ಸಲವೂ ಎಣಿಕೆ ಒಂದರಿಂದಲೇ ಶುರು. ವಾಲ್ಯೂಮಿನಲ್ಲಿ ಉಳಿದ ಹಳೆಯ ಬೀಗದಲ್ಲಿ 7 ಎಂದಿದ್ದು, ಹೊಸ ಕಂಟೇನರಿನಲ್ಲೂ ಬೇರಾವುದೋ 7 ಓಡುತ್ತಿದ್ದರೆ ಸತ್ತ ಪ್ರಾಸೆಸ್ ಬದುಕಿದಂತೆ ಕಾಣುತ್ತದೆ. ಬೀಗದ ಫೈಲನ್ನು ವಾಲ್ಯೂಮಿನಿಂದ ಹೊರಗಿಟ್ಟರೆ ಅದು ಕಂಟೇನರಿನ ಜೊತೆಗೇ ಅಳಿಯುತ್ತದೆ. ಅಳಿಯಬೇಕಾದದ್ದನ್ನು ಉಳಿಸುವುದೂ ಉಳಿಯಬೇಕಾದದ್ದನ್ನು ಕಳೆಯುವಷ್ಟೇ ದೊಡ್ಡ ತಪ್ಪು.

ಇಳಿದ ಫೈಲನ್ನು ಮನೆಯ ಮೀಡಿಯಾ ಸರ್ವರ್ ನೋಡುವ ಫೋಲ್ಡರಿಗೆ ಸರಿಸುವಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದೇ ಫೈಲ್ ವ್ಯವಸ್ಥೆಯೊಳಗೆ ಹೆಸರು ಬದಲಿಸಿದರೆ ಅದು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಫೈಲ್ ಅರ್ಧ ಅಲ್ಲಿ ಅರ್ಧ ಇಲ್ಲಿ ಇರುವ ಸ್ಥಿತಿಯೇ ಬರುವುದಿಲ್ಲ. ಆದರೆ ತಾತ್ಕಾಲಿಕ ಫೋಲ್ಡರ್ ಒಂದು ವಾಲ್ಯೂಮ್, ಅಂತಿಮ ಫೋಲ್ಡರ್ ಇನ್ನೊಂದು ವಾಲ್ಯೂಮ್ ಆಗಿದ್ದರೆ, ಹೊರಗೆ ಎರಡೂ ಒಂದೇ ಡಿಸ್ಕಿನಲ್ಲಿದ್ದರೂ, ಕರ್ನಲ್ ಹೆಸರು ಬದಲಿಸಲು ಒಪ್ಪುವುದಿಲ್ಲ. ಸರಿಸುವ ಆಜ್ಞೆ ಆಗ ಸದ್ದಿಲ್ಲದೆ ನಕಲು ಮಾಡಿ ಮೂಲವನ್ನು ಅಳಿಸುವ ದಾರಿ ಹಿಡಿಯುತ್ತದೆ. ಎರಡು ಗಿಗಾಬೈಟ್ ನಕಲಾಗುವ ಹೊತ್ತಿನಲ್ಲಿ ಮೀಡಿಯಾ ಸರ್ವರ್ ಅರ್ಧ ಫೈಲನ್ನೇ ಪೂರ್ತಿ ಎಂದು ಪಟ್ಟಿಗೆ ಸೇರಿಸಿಬಿಡಬಹುದು. ಎರಡೂ ಫೋಲ್ಡರುಗಳ ತಾಯಿ ಫೋಲ್ಡರನ್ನು ಒಂದೇ ವಾಲ್ಯೂಮಾಗಿ ಜೋಡಿಸಿದರೆ ತೊಂದರೆಯೇ ಹುಟ್ಟುವುದಿಲ್ಲ.

ಬ್ರೌಸರಿನಿಂದ ಹುಡುಕಿ ಇಳಿಸಲು ಗೆಟ್ ಐಪ್ಲೇಯರಿನ ಜೊತೆ ಒಂದು ವೆಬ್ ಪುಟವೂ ಬರುತ್ತದೆ. ಅದರ ಪೋರ್ಟ್ 1935. ಇದನ್ನು ಹೊರಗೆ ತೆರೆಯುವಾಗ ಎಚ್ಚರ ಬೇಕು. ಡಾಕರ್ ತೆರೆದ ಪೋರ್ಟುಗಳು ಉಬುಂಟುವಿನ ‘ಯುಎಫ್‌ಡಬ್ಲ್ಯು’ ಫೈರ್‌ವಾಲ್ ನಿಯಮಗಳನ್ನು ತಪ್ಪಿಸಿಕೊಂಡೇ ಹೋಗುತ್ತವೆ. ಯಾವ ವಿಳಾಸಕ್ಕೆ ತೆರೆಯಬೇಕೆಂದು ಬರೆಯದಿದ್ದರೆ ಆ ಪೋರ್ಟ್ ಯಂತ್ರದ ಎಲ್ಲ ನೆಟ್‌ವರ್ಕುಗಳಿಗೂ ತೆರೆದುಕೊಳ್ಳುತ್ತದೆ. ಸ್ಥಳೀಯ ಯಂತ್ರದ ವಿಳಾಸವನ್ನು ಮುಂದೆ ಬರೆದು ಅದಕ್ಕಷ್ಟೇ ಕಟ್ಟಿಹಾಕುವುದು ಕ್ಷೇಮ.

ಸ್ಕ್ರಿಪ್ಟನ್ನೇ ತಿದ್ದಬೇಕಾದಾಗ

ಆಯ್ಕೆಗಳಿಂದ ಆಗದ ಕೆಲಸಗಳೂ ಕೆಲವಿರುತ್ತವೆ. ಆಗ ಬೇರೆಯವರ ಇಮೇಜನ್ನು ಅಡಿಪಾಯವಾಗಿಟ್ಟು ಅದರ ಮೇಲೆ ನಮ್ಮ ಪದರ ಹಾಕಿದ ಹೊಸ ಇಮೇಜ್ ಕಟ್ಟುತ್ತೇವೆ. ಡಾಕರ್‌ಫೈಲ್ ಎಂಬ ಪಠ್ಯದಲ್ಲಿ ನಾಲ್ಕೈದು ಸಾಲು ಸಾಕು. ಸ್ಕ್ರಿಪ್ಟಿನ ಸಾಲನ್ನು ಹುಡುಕಿ ಬದಲಿಸುವ ಆಜ್ಞೆಯನ್ನು ಅಲ್ಲಿ ಬರೆಯುವುದು ಹಲವರ ರೂಢಿ. ಅದರ ದೋಷವೆಂದರೆ, ಮುಂದಿನ ಆವೃತ್ತಿಯಲ್ಲಿ ಆ ಸಾಲು ಬದಲಾಗಿದ್ದರೆ ಆಜ್ಞೆ ಏನನ್ನೂ ಬದಲಿಸದೆ, ಯಶಸ್ವಿಯಾದಂತೆ ಮುಗಿಯುತ್ತದೆ. ‘ಪ್ಯಾಚ್’ ಫೈಲ್ ಹಾಗಲ್ಲ. ಸುತ್ತಲಿನ ಸಾಲುಗಳು ಹೊಂದದಿದ್ದರೆ ಕಟ್ಟುವ ಕೆಲಸವೇ ನಿಂತುಬಿಡುತ್ತದೆ. ಇಂಥ ಕಡೆ ಗಟ್ಟಿಯಾಗಿ ಕೂಗಿ ಸೋಲುವುದೇ ಒಳ್ಳೆಯದು.

ಇನ್ನು ಆವೃತ್ತಿಯ ಗೊಂದಲ. ಸರ್ವರ್ ನಡೆಸುವವರು ಕಲಿಯುವ ಮೊದಲ ಪಾಠ ಆವೃತ್ತಿಯನ್ನು ಕಟ್ಟಿಹಾಕು ಎಂಬುದು. ‘ಲೇಟೆಸ್ಟ್’ ಎಂಬ ಹಣೆಪಟ್ಟಿಯನ್ನು ನಂಬಿದರೆ ಇವತ್ತಿನ ಇಮೇಜೂ ನಾಳಿನ ಇಮೇಜೂ ಒಂದೇ ಆಗಿರುತ್ತದೆಂಬ ಭರವಸೆಯಿಲ್ಲ. ಆದರೆ ಈ ಸ್ಕ್ರಿಪ್ಟಿನ ಕಥೆ ಬೇರೆ. ಬಿಬಿಸಿ ತನ್ನ ಬದಿಯಲ್ಲಿ ಏನನ್ನೋ ಬದಲಿಸಿದ ದಿನ ಹಳೆಯ ಆವೃತ್ತಿ ನಿಲ್ಲುತ್ತದೆ. 2014ರಲ್ಲಿ ಕಾರ್ಯಕ್ರಮಗಳ ಪಟ್ಟಿ ಒದಗಿಸುತ್ತಿದ್ದ ಫೀಡುಗಳನ್ನು ಬಿಬಿಸಿ ಮುಚ್ಚಿದಾಗ ಸ್ಕ್ರಿಪ್ಟಿನ ಹುಡುಕಾಟವೇ ಕೈಕೊಟ್ಟಿತು. ಮುಂದೆ ಪಟ್ಟಿಯನ್ನು ಬೇರೆ ರೀತಿಯಲ್ಲಿ ಕಟ್ಟಬೇಕಾಯಿತು. ಹೀಗಾಗಿ ಕೆಲವರು ಕಂಟೇನರ್ ಶುರುವಾದಾಗಲೆಲ್ಲ ಸ್ಕ್ರಿಪ್ಟಿನ ಹೊಸ ಆವೃತ್ತಿಯನ್ನು ಇಂಟರ್‌ನೆಟ್‌ನಿಂದ ತರಿಸುತ್ತಾರೆ. ಅದರಿಂದ ತಾಜಾತನ ಸಿಗುತ್ತದೆ, ಖಾತರಿ ಹೋಗುತ್ತದೆ: ಯಾವ ರಾತ್ರಿ ಯಾವ ಕೋಡ್ ಓಡಿತು ಎಂದು ಹೇಳಲು ಬರುವುದಿಲ್ಲ, ಹೊಸ ಸ್ಕ್ರಿಪ್ಟಿಗೆ ಬೇಕಾದ ಮಾಡ್ಯೂಲ್ ಹಳೆಯ ಇಮೇಜಿನಲ್ಲಿ ಇಲ್ಲದೆಯೂ ಇರಬಹುದು. ನಡುವಿನ ದಾರಿ ಹೆಚ್ಚು ಬಾಳಿಕೆಯದು. ಆವೃತ್ತಿಯ ಸಂಖ್ಯೆಯನ್ನು ಡಾಕರ್‌ಫೈಲಿನ ಮೇಲ್ಭಾಗದಲ್ಲಿ ಒಂದೇ ಕಡೆ ಬರೆದು, ಹೊಸದು ಬಂದಾಗ ಆ ಸಂಖ್ಯೆ ಬದಲಿಸಿ ಮತ್ತೆ ಕಟ್ಟುವುದು. ಹಳೆಯ ಇಮೇಜ್ ಪಕ್ಕದಲ್ಲೇ ಇರುತ್ತದೆ. ಹೊಸದು ಕೆಟ್ಟರೆ ಹಿಂದಿರುಗಬಹುದು.

ಇಮೇಜಿನೊಳಗೆ ಎಂದೂ ಇಡಬಾರದ್ದೂ ಇದೆ. ಗುಪ್ತಪದವನ್ನು ಒಂದು ಪದರದಲ್ಲಿ ಬರೆದು ಮುಂದಿನ ಪದರದಲ್ಲಿ ಅಳಿಸಿದರೂ ಅದು ಕೆಳಗಿನ ಪದರದಲ್ಲಿ ಹಾಗೆಯೇ ಇರುತ್ತದೆ. ಇಮೇಜ್ ಸಿಕ್ಕವರು ಅದನ್ನು ತೆಗೆದು ಓದಬಹುದು. ದೊಡ್ಡ ಫೈಲಿಗೂ ಇದೇ ನ್ಯಾಯ. ಮುಂದಿನ ಪದರದಲ್ಲಿ ಅಳಿಸಿದ ಮಾತ್ರಕ್ಕೆ ಇಮೇಜಿನ ತೂಕ ಇಳಿಯುವುದಿಲ್ಲ.

ಸಂಯಮವೂ ಒಂದು ಆಯ್ಕೆಯೇ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಪಟ್ಟಿ ನವೀಕರಿಸಿದರೆ ಕಾರ್ಯಕ್ರಮಗಳು ಬೇಗ ಹುಟ್ಟುವುದಿಲ್ಲ. ಸರ್ವರಿಗೆ ಹೊರೆಯಾಗುತ್ತದೆ ಅಷ್ಟೆ. ರಾತ್ರಿಗೆ ಒಂದು ಸಲ ಸಾಕು. ಇಳಿಸಿ 30 ದಿನ ದಾಟಿದ ಫೈಲುಗಳನ್ನು ಅಳಿಸುವ ಆಯ್ಕೆಯನ್ನು ಸ್ಕ್ರಿಪ್ಟೇ ಒಳಗಿಟ್ಟುಕೊಂಡಿದೆ. ಬಿಡುವಾದಾಗ ನೋಡಲು ಇಳಿಸಿದ್ದು ಖಾಸಗಿ ಸಂಗ್ರಹಾಲಯವಾಗಿ ಬೆಳೆಯದಂತೆ ತಡೆಯಲು ಅದು ನೆರವಾಗುತ್ತದೆ. ಡಿಸ್ಕಿನ ಲೆಕ್ಕದಲ್ಲೂ ಅದು ಹಿತವೇ.

ಒಗ್ಗಿಸುವ ಕೆಲಸ ಮುಗಿಯಿತೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಎಲ್ಲ ಸೆಟ್ಟಿಂಗುಗಳನ್ನೂ ಡಾಕರ್ ಓದಬಲ್ಲ ‘ಕಂಪೋಸ್’ ಎಂಬ ಒಂದು ಪಠ್ಯದ ಫೈಲಿನಲ್ಲಿ ಬರೆದುಕೊಳ್ಳಿ. ಕಂಟೇನರನ್ನು ಅಳಿಸಿ, ಇಮೇಜನ್ನೂ ಅಳಿಸಿ, ಆ ಫೈಲಿನಿಂದ ಎಲ್ಲವನ್ನೂ ಮತ್ತೆ ಕಟ್ಟಿ. ಮರುದಿನ ಬೆಳಗ್ಗೆ ಹುಡುಕಾಟಗಳು ಹಾಗೆಯೇ ಇವೆಯೇ, ನೋಡಿದ ಕಂತು ಮತ್ತೆ ಇಳಿದಿಲ್ಲವಷ್ಟೇ, ಹೊಸ ಫೈಲ್ ನಿಮ್ಮ ಒಡೆತನದಲ್ಲಿದೆಯೇ, ಕೆಲಸ ಹೇಳಿದ ಹೊತ್ತಿಗೇ ಶುರುವಾಗಿತ್ತೇ ಎಂದು ನೋಡಿ. ಏನೋ ಒಂದು ಕಳೆದುಹೋಗಿದ್ದರೆ, ಅದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದಿರಿ ಎಂದರ್ಥ; ಸರಿಯಾದ ಜಾಗ ಉಳಿದ ಎರಡರಲ್ಲಿ ಒಂದು.